ಗ್ರಾಟ್ಸ್ ನಗರದ ಉಪ್ಪುನೀರಿನ ತೊಟ್ಟಿಯ ಅಜ್ಞಾತ ಜೀವಿ

ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿ ಎಂದು ವೃದ್ಧರು ಆ ಶಬ್ದಕ್ಕೆ ಅರ್ಥ ಹೇಳುವುದುಂಟು. ಮನೆಗೆ ಬರುವ ಮನುಷ್ಯರಿಗಿಂತಲೂ ಈ ಮಾತು ಕಡಲನೀರಿನ ತೊಟ್ಟಿಗಳಲ್ಲಿ ತಾವಾಗಿಯೇ ಕಾಣಿಸಿಕೊಳ್ಳುವ ಪ್ರಾಣಿಗಳಿಗೆ ಹೆಚ್ಚಾಗಿ ಒಪ್ಪುತ್ತದೆ. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ ಹವಳವನ್ನೂ ಬಣ್ಣದ ಮೀನುಗಳನ್ನೂ ಸಾಕುವ ಹವ್ಯಾಸವು ಈಗ ನಾನಾ ದೇಶಗಳಲ್ಲಿ ಹರಡಿದೆ. ಅಂಥ ತೊಟ್ಟಿಯಲ್ಲಿ ಇಡುವುದಕ್ಕಾಗಿ ಹವಳದ ದಿಬ್ಬದಿಂದ ತಂದ ಕಲ್ಲಿಗೆ ಹವ್ಯಾಸಿಗಳು 'ಜೀವಂತ ಕಲ್ಲು' ಎಂದು ಹೆಸರಿಟ್ಟಿದ್ದಾರೆ. ಕಲ್ಲಿಗೆ ಜೀವವೆಲ್ಲಿಯದು? ಅದರ ಬಿಲಗಳಲ್ಲಿಯೂ ಬಿರುಕುಗಳಲ್ಲಿಯೂ ಸೇರಿಕೊಂಡಿರುವ ಪ್ರಾಣಿಗಳಿಂದ ಆ ಹೆಸರು ಬಂದಿದೆ. ಕೊಂಡವನು ಬೆಲೆ ಕೊಟ್ಟದ್ದು ಒಂದು ಕಲ್ಲಿಗೆ; ಮನೆಗೆ ಬಂದದ್ದು ಒಂದು ಊರು. ಕೆಲವು ವಾರಗಳು ಕಳೆದ ಮೇಲೆ ರಾತ್ರಿಯಲ್ಲಿ ದೀಪವನ್ನು ಹಿಡಿದು ನೋಡಿದರೆ, ಮೈತುಂಬ ಬಿರುಗೂದಲುಳ್ಳ ಹುಳುಗಳೂ, ಬೆರಳುಗುರಿನಷ್ಟು ಸಣ್ಣ ನಕ್ಷತ್ರಮೀನುಗಳೂ, ಹೂವಿನಂತೆ ಅರಳಿ ಮುಟ್ಟಿದವರನ್ನು ಚುಚ್ಚುವ ಜೀವಿಗಳೂ ಕಾಣಿಸುತ್ತವೆ. ಆಗ ಗೃಹಸ್ಥನ ಬಾಯಿಂದ ಹೊರಡುವ ಮೊದಲನೆಯ ಪ್ರಶ್ನೆಯು ಒಂದೇ: ಇದು ಯಾವುದು?

ಈ ಪ್ರಶ್ನೆಗೆ ಉತ್ತರವು ಕೆಲವು ವೇಳೆ ಬೇಗನೆ ದೊರೆಯುತ್ತದೆ. ೨೦೦೯ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ನ್ಯೂಕೀ ಎಂಬ ಊರಿನ ಮತ್ಸ್ಯಾಲಯದಲ್ಲಿ ಹವಳಗಳು ತುಂಡಾಗತೊಡಗಿದುವು. ಕಳ್ಳನು ಮಾತ್ರ ಕಣ್ಣಿಗೆ ಬೀಳಲಿಲ್ಲ. ಕಡೆಗೆ ಅಲ್ಲಿಯ ನೌಕರರು ತೊಟ್ಟಿಯೊಳಗಿನ ಕಲ್ಲುಗಳನ್ನು ಒಂದೊಂದಾಗಿ ತೆಗೆದುನೋಡಲು, ಸುಮಾರು ನಾಲ್ಕು ಅಡಿ ಉದ್ದದ ಕಡಲ ಹುಳುವೊಂದು ಸಿಕ್ಕಿತು. ಅದು ಯೂನಿಸ್ ಎಂಬ ಕುಲಕ್ಕೆ ಸೇರಿದ ಹುಳು. ಗ್ರಂಥಗಳಲ್ಲಿ ಮೊದಲೇ ವರ್ಣಿತವಾಗಿದ್ದ ಪ್ರಾಣಿ. ಕೆಡಕು ಮಾಡುವವನ ಗುರುತು ಹೀಗೆ ತಾನಾಗಿ ಹೊರಬೀಳುತ್ತದೆ. ಆದರೆ ಏನೂ ಕೆಡಕು ಮಾಡದೆ, ಗಾಜಿನ ಮೈಯ ಮೇಲೆ ಬೂದಿಯ ಚುಕ್ಕೆಯಂತೆ ಕುಳಿತ ಅತಿಥಿಯೊಂದರ ಗುರುತಿಗಾಗಿ ಪಂಡಿತರಲ್ಲಿ ಬಹುಕಾಲ ವಿವಾದ ನಡೆಯಿತು. ಆ ವಿವಾದದಲ್ಲಿ ಸತ್ಯವನ್ನು ಹೇಳಿದಾತನು ಸೋತವನೆನಿಸಿಕೊಂಡೇ ತೀರಿಹೋದನು. ಪ್ರಕೃತ ಲೇಖನದ ವಿಷಯವು ಅದೇ.

ಅದಕ್ಕೆ ಮುಂಚೆ, ಸಮುದ್ರವು ಗಾಜಿನ ಪಾತ್ರೆಯೊಳಕ್ಕೆ ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ೧೮೪೬ರಲ್ಲಿ ಆನಾ ಥಿನ್ ಎಂಬ ಆಂಗ್ಲ ಮಹಿಳೆಯು ಟಾರ್ಕೀ ಎಂಬ ಕಡಲೂರಿನಿಂದ ಕೆಲವು ಹವಳಜೀವಿಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ನೀರು ಕೆಡದಿರಲೆಂದು ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಸುರಿದು ಗಾಳಿ ಸೇರಿಸುವ ಏರ್ಪಾಡನ್ನು ಮಾಡಿದಳು. ನಮ್ಮ ಮನೆಗಳಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಸುರಿದು ಆರಿಸುವಂತೆ ಆ ಮನೆಯ ದಾಸಿಯು ಸಮುದ್ರವನ್ನು ಸುರಿಯುತ್ತಿದ್ದಳೆಂದರೆ ಉತ್ಪ್ರೇಕ್ಷೆಯಾಗದು. ಬಳಿಕ ಆ ಮಹಿಳೆಯು ಕಡಲ ಪಾಚಿಯನ್ನೂ ಅದರೊಳಗೆ ಬೆಳೆಯಿಸಿದಳು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹವು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ಪ್ರಕಟಿಸಿದ ಗ್ರಂಥದಿಂದ 'ಅಕ್ವೇರಿಯಮ್' ಎಂಬ ಹೆಸರು ಮನೆಮಾತಾಯಿತು. ಕಡಲನ್ನೇ ಕಾಣದ ಊರುಗಳಲ್ಲಿ ಕಡಲ ಪ್ರಾಣಿಗಳನ್ನು ಜೀವಸಹಿತ ನೋಡುವುದು ಇದರಿಂದ ಸಾಧ್ಯವಾಯಿತು. ವಿಶ್ವವಿದ್ಯಾಲಯಗಳೂ ಇಂಥ ತೊಟ್ಟಿಗಳನ್ನು ಇಟ್ಟುಕೊಳ್ಳತೊಡಗಿದುವು.

ಆಸ್ಟ್ರಿಯ ದೇಶದ ಗ್ರಾಟ್ಸ್ ನಗರವು ಅಂಥ ಊರು. ಅದು ಬೆಟ್ಟಗಳ ನಡುವಣ ಪಟ್ಟಣ. ಏಡ್ರಿಯಾಟಿಕ್ ಸಮುದ್ರದ ತ್ರಿಯೆಸ್ತ್ ಬಂದರು ಅಲ್ಲಿಂದ ನೂರಕ್ಕೂ ಹೆಚ್ಚು ಮೈಲಿ ದೂರ. ೧೮೭೩ರಿಂದ ಅಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕನಾಗಿದ್ದಾತನು ಫ್ರಾನ್ಟ್ಸ್ ಐಲ್‌ಹಾರ್ಟ್ ಷುಲ್ಟ್ಸೆ. ಈತನು ೧೮೪೦ರಲ್ಲಿ ಹುಟ್ಟಿದ ಜರ್ಮನ್ ಪಂಡಿತ. ೧೮೭೫ರಲ್ಲಿ ತ್ರಿಯೆಸ್ತಿನಲ್ಲಿ ಸಮುದ್ರಜೀವಿಗಳ ಸಂಶೋಧನಾಲಯವು ಏರ್ಪಟ್ಟಾಗ ಅದಕ್ಕಾಗಿ ಶ್ರಮಿಸಿದವರಲ್ಲಿ ಒಬ್ಬನು. ಸ್ಪಂಜುಗಳ ವಿಷಯದಲ್ಲಿ ಈತನ ಮಾತನ್ನು ಯೂರೋಪಿನ ಪಂಡಿತಮಂಡಲಿಯೆಲ್ಲ ಪ್ರಮಾಣವೆಂದು ಒಪ್ಪುತ್ತಿತ್ತು. ಚಾಲೆಂಜರ್ ಎಂಬ ನೌಕೆಯು ಲೋಕದ ಸಮುದ್ರಗಳನ್ನೆಲ್ಲ ಸುತ್ತಿ ತಂದ ಗಾಜುಸ್ಪಂಜುಗಳನ್ನು ಪರೀಕ್ಷಿಸುವ ಕೆಲಸವು ಈತನ ಪಾಲಿಗೆ ಬಂದಿತ್ತು. ಭಾರತದ ಇನ್ವೆಸ್ಟಿಗೇಟರ್ ಎಂಬ ಹಡಗು ಸಂಗ್ರಹಿಸಿದ ಸ್ಪಂಜುಗಳ ವಿಷಯವಾಗಿ ಈತನು ಬರೆದ ಗ್ರಂಥವು ೧೯೦೨ರಲ್ಲಿ ಕಲ್ಕತ್ತೆಯಲ್ಲಿಯೇ ಪ್ರಕಟವಾಯಿತು. ಇಷ್ಟನ್ನು ಹೇಳುವುದಕ್ಕೆ ಕಾರಣವುಂಟು. ಮುಂದೆ ಇವನ ಮಾತನ್ನು ತಳ್ಳಿಹಾಕಿದವರು ಅನನುಭವಿಯೊಬ್ಬನ ಮಾತನ್ನು ತಳ್ಳಿಹಾಕಲಿಲ್ಲವೆಂಬುದು ವಾಚಕರ ಮನಸ್ಸಿನಲ್ಲಿರಬೇಕು.

ಗ್ರಾಟ್ಸ್ ವಿಶ್ವವಿದ್ಯಾಲಯದ ಉಪ್ಪುನೀರಿನ ತೊಟ್ಟಿಯ ಗಾಜಿನ ಮೇಲೆ ಷುಲ್ಟ್ಸೆಯು ಸಣ್ಣ ಬೂದು ಚುಕ್ಕೆಗಳನ್ನು ಕಂಡನು. ಅವುಗಳನ್ನು ಯಾರೂ ತಂದಿರಲಿಲ್ಲ. ಬೇರೆ ಸಮುದ್ರವಸ್ತುಗಳ ಜೊತೆಯಲ್ಲಿ ಅವು ಬಂದಿದ್ದುವು. ಒಂದೊಂದರ ಅಗಲವು ಕೆಲವೇ ಮಿಲಿಮೀಟರು. ದಪ್ಪವು ಒಂದು ಮಿಲಿಮೀಟರಿನ ನಾಲ್ವತ್ತನೆಯ ಒಂದು ಪಾಲು ಮಾತ್ರ. ಕೊಳೆಯೆಂದು ಒರಸಿಹಾಕಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಷುಲ್ಟ್ಸೆಯು ಒರಸಲಿಲ್ಲ, ನೋಡುತ್ತ ಕುಳಿತನು. ಚುಕ್ಕೆಯು ಮೆಲ್ಲನೆ ಚಲಿಸಿತು. ಈಗ ದುಂಡಗಿದ್ದುದು ಇನ್ನೊಂದು ಗಳಿಗೆಗೆ ಉದ್ದವಾಯಿತು. ಮತ್ತೊಂದು ಗಳಿಗೆಗೆ ದೇಶಗಳ ಭೂಪಟದಂತೆ ಅಂಚು ಒಳಹೊರಗಾಗಿ ಚಾಚಿಕೊಂಡಿತು. ನಮ್ಮ ಪುರಾಣಗಳಲ್ಲಿ ಕಾಮರೂಪಿಗಳೆಂದು ಯಾರನ್ನು ಹೇಳುತ್ತಾರೋ ಅವರ ಪಂಕ್ತಿಯಲ್ಲಿ ಇದನ್ನು ಕುಳ್ಳಿರಿಸಬಹುದು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ಎಡವಿಲ್ಲ, ಬಲವಿಲ್ಲ. ಮೇಲು ಕೆಳಗೆಂಬ ಭೇದವೊಂದೇ ಉಂಟು. ಬಾಯಿ ಇಲ್ಲ, ಹೊಟ್ಟೆ ಇಲ್ಲ, ನರವಿಲ್ಲ, ಸ್ನಾಯುವಿಲ್ಲ. ಉಪನಿಷತ್ತಿನ ಋಷಿಯು ಪರಬ್ರಹ್ಮವನ್ನು ಹೇಳಹೊರಟಂತೆ ಇದನ್ನೂ ಇಲ್ಲ ಇಲ್ಲ ಎಂಬುದರಿಂದಲೇ ವರ್ಣಿಸಬೇಕಾಗಿತ್ತು.

ಆದರೆ ಇಲ್ಲವೆಂಬುದರಿಂದ ಮಾತ್ರ ಲಕ್ಷಣವಾಗುವುದಿಲ್ಲವೆಂದು ಷುಲ್ಟ್ಸೆಯು ಬಲ್ಲನು. ಅದನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಮೇಲುಗಡೆಯಲ್ಲಿ ಚಪ್ಪಟೆಯಾದ ಜೀವಕೋಶಗಳ ಒಂದು ಹಾಸು. ಕೆಳಗಡೆಯಲ್ಲಿ ಎತ್ತರವಾದ ಕೋಶಗಳ ಇನ್ನೊಂದು ಹಾಸು. ಎರಡರ ನಡುವೆ ಕೈಗಳನ್ನು ಚಾಚಿದಂತಿರುವ ನಾರುಕೋಶಗಳು. ಎರಡು ಹಾಸಿನಿಂದಲೂ ಸೂಕ್ಷ್ಮರೋಮಗಳು ಹೊರಟಿರುತ್ತವೆ. ಕೆಳಗಣ ರೋಮಗಳ ಆಟದಿಂದ ಅದು ಜಾರುತ್ತ ಹೋಗುತ್ತದೆ. ೧೮೮೩ರಲ್ಲಿ ಷುಲ್ಟ್ಸೆಯು ಜರ್ಮನಿಯ ಪ್ರಾಣಿಶಾಸ್ತ್ರ ಪತ್ರಿಕೆಯೊಂದರಲ್ಲಿ ಈ ಸಂಗತಿಯನ್ನು ಪ್ರಕಟಿಸಿ, ಪ್ರಾಣಿಗೆ 'ಟ್ರೈಕೊಪ್ಲಾಕ್ಸ್ ಅಧೇರೆನ್ಸ್' ಎಂದು ನಾಮಕರಣ ಮಾಡಿದನು. ಮೊದಲನೆಯ ಪದವು ಗ್ರೀಕ್ ಭಾಷೆಯಿಂದ ಬಂದುದು. ರೋಮವುಳ್ಳ ಹಲಗೆ ಎಂದು ಅದರ ತಾತ್ಪರ್ಯ. ಸಂಸ್ಕೃತದಲ್ಲಾದರೆ ಲೋಮಫಲಕವೆನ್ನಬಹುದು. ಎರಡನೆಯ ಪದವು ಲ್ಯಾಟಿನ್, ಅಂಟಿಕೊಳ್ಳುವುದು ಎಂದರ್ಥ. ಪರೀಕ್ಷೆಗಾಗಿ ಎತ್ತಿದಾಗ ಗಾಜಿನ ನಳಿಗೆಗೆ ಬಿಡದೆ ಅಂಟಿಕೊಂಡು ಪಂಡಿತನನ್ನು ಅದು ಪೀಡಿಸಿದುದರ ಗುರುತು ಹೀಗೆ ಹೆಸರಿನಲ್ಲಿ ಉಳಿದಿದೆ. ೧೮೯೧ರಲ್ಲಿ ಆತನು ಇನ್ನೂ ವಿಸ್ತಾರವಾದ ಪ್ರಬಂಧವನ್ನು ಬರೆದನು. ಆ ವೇಳೆಗೆ ಬರ್ಲಿನ್ನಿಗೆ ಹೋಗಿದ್ದನು.

ಬೂದು ಚುಕ್ಕೆಯೊಂದಕ್ಕಾಗಿ ಇಷ್ಟು ಶ್ರಮವೇಕೆ ಎಂದು ಕೇಳುವವರುಂಟು. ಅದು ಆ ಕಾಲದಲ್ಲಿ ಕೇವಲ ಒಂದು ಪ್ರಾಣಿಯ ಪ್ರಶ್ನೆಯಾಗಿರಲಿಲ್ಲ. ಏಕಕೋಶದ ಜೀವಿಗಳಿಂದ ಬಹುಕೋಶದ ಪ್ರಾಣಿಗಳು ಹುಟ್ಟಿದುದು ಹೇಗೆ, ಮೊದಲನೆಯ ಪ್ರಾಣಿಯ ಆಕಾರವೆಂಥದು ಎಂಬ ಜಿಜ್ಞಾಸೆಯು ಡಾರ್ವಿನ್ನನ ತರುವಾಯ ಎಲ್ಲೆಡೆಯಲ್ಲಿಯೂ ನಡೆಯುತ್ತಿತ್ತು. ಅರ್ನ್ಸ್ಟ್ ಹೆಕೆಲ್ ಎಂಬ ಪ್ರಸಿದ್ಧ ಪಂಡಿತನು ಆ ಆದಿಪ್ರಾಣಿಯು ಒಂದು ಬಾಯುಳ್ಳ ಚೀಲದಂತಿದ್ದಿತೆಂದು ೧೮೭೦ರ ದಶಕದಲ್ಲಿ ಪ್ರತಿಪಾದಿಸಿದ್ದನು. ೧೮೮೪ರಲ್ಲಿ, ಎಂದರೆ ಷುಲ್ಟ್ಸೆಯ ಲೇಖನವು ಹೊರಟ ಮರುವರ್ಷವೇ, ಓಟೊ ಬ್ಯೂಚ್‌ಲಿ ಎಂಬ ಇನ್ನೊಬ್ಬನು ಅದು ಚೀಲವಲ್ಲ, ಎರಡು ಪದರದ ಚಪ್ಪಟೆಯಾದ ಹಾಳೆ ಎಂಬ ಪಕ್ಷವನ್ನು ಹೂಡಿದನು. ಗ್ರಾಟ್ಸಿನ ಗಾಜಿನ ಮೇಲೆ ಹರಿದಾಡುತ್ತಿದ್ದುದು ಅಂಥ ಹಾಳೆಯೇ. ಕಲ್ಪನೆಯಲ್ಲಿ ಮಾತ್ರವಿದ್ದ ಮೂಲಪುರುಷನಿಗೆ ಜೀವಂತನಾದ ಸಾಕ್ಷಿಯೊಬ್ಬನು ಕಾಣಿಸಿಕೊಂಡಂತಾಯಿತು.

ಸಾಕ್ಷಿಯ ಮಾತು ಇಪ್ಪತ್ತನಾಲ್ಕು ವರ್ಷ ನಡೆಯಿತು. ೧೯೦೭ರಲ್ಲಿ ಟೀಲೊ ಕ್ರುಂಬಾಖ್ ಎಂಬಾತನು ಒಂದು ಲೇಖನವನ್ನು ಪ್ರಕಟಿಸಿ, ಟ್ರೈಕೊಪ್ಲಾಕ್ಸ್ ಎಂಬ ಪ್ರತ್ಯೇಕ ಪ್ರಾಣಿಯೇ ಇಲ್ಲವೆಂದನು. ಎಲೂಥೀರಿಯ ಎಂಬ ಹೆಸರಿನ ಒಂದು ಸಣ್ಣ ಲೋಳೆಮೀನುಂಟು. ಅದು ನೀರಿನಲ್ಲಿ ತೇಲುವುದರ ಬದಲು ಪಾಚಿಯ ಮೇಲೆ ಹರಿದಾಡುತ್ತದೆ. ಈ ಜಾತಿಯ ಪ್ರಾಣಿಗಳ ಮರಿಯು ಮೊದಲು ರೋಮವುಳ್ಳ ಸಣ್ಣ ಮುದ್ದೆಯಾಗಿದ್ದು, ಬಳಿಕ ಒಂದೆಡೆ ನೆಲಸಿ ಬೆಳೆಯುತ್ತದೆ. ಎಲೂಥೀರಿಯವಿದ್ದ ತೊಟ್ಟಿಯಲ್ಲಿ ಟ್ರೈಕೊಪ್ಲಾಕ್ಸೂ ಕಾಣಿಸಿದುದರಿಂದ, ಇದು ಅದರ ಮರಿಯೇ ಸರಿ, ಚಪ್ಪಟೆಯಾಗಿ ವಿಕಾರಗೊಂಡಿದೆಯಷ್ಟೆ ಎಂಬುದು ಕ್ರುಂಬಾಖನ ನಿರ್ಣಯ.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಇಲ್ಲಿಯ ದೋಷವು ಕೂಡಲೆ ಹೊಳೆಯುತ್ತದೆ. ಎರಡು ವಸ್ತುಗಳು ಒಂದೆಡೆ ಕಂಡುವೆಂಬುದು ಸಾಹಚರ್ಯ; ಒಂದಿಲ್ಲದೆ ಮತ್ತೊಂದು ಎಲ್ಲಿಯೂ ಇರದೆಂಬುದು ವ್ಯಾಪ್ತಿ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ವ್ಯಾಪ್ತಿಯ ಬಲದಿಂದ. ಅಡುಗೆಮನೆಯಲ್ಲಿ ಹೊಗೆಯ ಜೊತೆಗೆ ಬೆಕ್ಕನ್ನೂ ಕಂಡೆವೆಂದು, ಹೊಗೆಯಿದ್ದಲ್ಲೆಲ್ಲ ಬೆಕ್ಕನ್ನು ಊಹಿಸಲಾಗದು. ಸಮುದ್ರದ ನೀರಿನ ತೊಟ್ಟಿಯಲ್ಲಿ ನೂರು ಜಾತಿಯ ಜೀವಿಗಳು ಜೊತೆಯಾಗಿರುವುವು. ಜೊತೆಗಿದ್ದ ಮಾತ್ರಕ್ಕೆ ಒಂದು ತಾಯಿ, ಒಂದು ಮಗು ಎಂದು ಹೇಗೆ ಹೇಳುವುದು? ಮರಿಯಾಗಿದ್ದರೆ ಅದು ಬೆಳೆದು ತಾಯಿಯ ರೂಪಕ್ಕೆ ಬರಬೇಕು. ಟ್ರೈಕೊಪ್ಲಾಕ್ಸ್ ಹಾಗೆ ಬೆಳೆಯುವುದಿಲ್ಲ. ದೊಡ್ಡದಾದ ಮೇಲೆ ನಡುವೆ ಹರಿದು ಎರಡಾಗುತ್ತದೆ, ಎರಡೂ ಮೊದಲಿನಂಥವೇ ಆಗಿರುತ್ತವೆ. ಅದರ ನಡುಪದರದ ನಾರುಕೋಶಗಳು ಲೋಳೆಮೀನಿನ ಮರಿಯಲ್ಲಿ ಇಲ್ಲ.

೧೯೧೪ರಲ್ಲಿ ಷುಲ್ಟ್ಸೆಯು ಉತ್ತರವನ್ನು ಬರೆದನು. ಆಗ ಆತನಿಗೆ ಎಪ್ಪತ್ತನಾಲ್ಕರ ಪ್ರಾಯ. ತಾನು ಮೂವತ್ತು ವರ್ಷಗಳ ಹಿಂದೆ ಕಣ್ಣಾರೆ ಕಂಡುದನ್ನು ಎತ್ತಿಹಿಡಿದು, ಎದುರಾಳಿಯ ಮಾತನ್ನು ಖಂಡಿಸಿದನು. ಆದರೆ ಅದು ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡ ವರ್ಷ. ಯುದ್ಧವಿಲ್ಲದಿದ್ದರೂ ಆ ಖಂಡನೆಗೆ ಹೆಚ್ಚು ಜನ ಕಿವಿಗೊಡುತ್ತಿದ್ದರೆಂದು ನಂಬುವುದು ಕಷ್ಟ. ಕ್ರುಂಬಾಖನು ಮುಂದೆ ಜರ್ಮನ್ ಭಾಷೆಯ ಪ್ರಾಣಿಶಾಸ್ತ್ರದ ಬೃಹತ್ ಕೈಪಿಡಿಯ ಸಂಪಾದಕನಾದನು. ಆತನ ಅಭಿಪ್ರಾಯವೇ ಪಠ್ಯಗ್ರಂಥಗಳ ಸಿದ್ಧಾಂತವಾಯಿತು. ಇದಲ್ಲದೆ ಇನ್ನೊಂದು ಕಾರಣವೂ ಉಂಟು. ಹೊಸ ಪ್ರಾಣಿಯೊಂದನ್ನು ಒಪ್ಪಿದರೆ ಅದಕ್ಕೆ ಸ್ಥಾನ ಕಲ್ಪಿಸಬೇಕು, ಇದ್ದ ವರ್ಗೀಕರಣವನ್ನು ಅಲುಗಿಸಬೇಕು. ಹಳೆಯದರ ಮರಿಯೆಂದುಬಿಟ್ಟರೆ ಯಾವ ಶ್ರಮವೂ ಇಲ್ಲ. ಹೀಗೆ ಗೊತ್ತಿಲ್ಲದುದನ್ನು ಗೊತ್ತಿರುವುದರಲ್ಲಿ ಸೇರಿಸಿ ನಿದ್ರೆ ಹೋಗುವ ಸುಖವು ಪಂಡಿತರಿಗೂ ಬೇಕಾಗಿರುತ್ತದೆ. ವೇದಾಂತಿಗಳು ಭ್ರಮೆಗೆ ಉದಾಹರಣೆಯಾಗಿ ಕಪ್ಪೆಯ ಚಿಪ್ಪನ್ನು ಬೆಳ್ಳಿಯೆಂದು ಎತ್ತಿಕೊಂಡವನನ್ನು ಹೇಳುತ್ತಾರೆ. ಇಲ್ಲಿ ಬೆಳ್ಳಿಯನ್ನು ಚಿಪ್ಪೆಂದು ಎಸೆದರು. ಷುಲ್ಟ್ಸೆಯು ೧೯೨೧ರಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡನು. ಗಾಜುಸ್ಪಂಜುಗಳ ಪಂಡಿತನೆಂಬ ಕೀರ್ತಿಯು ಉಳಿಯಿತು. ಬೂದು ಚುಕ್ಕೆಯ ವಿಷಯದಲ್ಲಿ ಮಾತ್ರ ಆತನು ಮರಿಯನ್ನು ಕಂಡು ಮೋಸಹೋದವನೆಂದೇ ಎಣಿಸಲ್ಪಟ್ಟನು.

ತೊಟ್ಟಿಯ ಅತಿಥಿಗಳನ್ನು ಗುರುತಿಸುವಲ್ಲಿ ಇದಕ್ಕೆ ನೇರ ವಿರುದ್ಧವಾದ ತಪ್ಪೂ ಅದೇ ಕಾಲದಲ್ಲಿ ನಡೆದಿತ್ತು. ಅದು ಸಿಹಿನೀರಿನ ತೊಟ್ಟಿಯ ಸಂಗತಿ. ೧೮೮೦ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಸಸ್ಯೋದ್ಯಾನದಲ್ಲಿ ದೊಡ್ಡ ಎಲೆಯ ವಿಕ್ಟೋರಿಯ ತಾವರೆಗಾಗಿ ಕಟ್ಟಿದ ಬೆಚ್ಚನೆಯ ಕೊಳದಲ್ಲಿ ಸಣ್ಣ ಲೋಳೆಮೀನುಗಳು ಈಜುತ್ತಿರುವುದನ್ನು ಅಲ್ಲಿಯ ಕಾರ್ಯದರ್ಶಿಯಾದ ಸವರ್ಬಿ ಎಂಬಾತನು ಕಂಡನು. ಲೋಳೆಮೀನು ಸಮುದ್ರದ ಪ್ರಾಣಿ, ತಾವರೆಕೊಳಕ್ಕೆ ಬಂದುದೆಂತು? ಲಾಂಕೆಸ್ಟರ್, ಆಲ್ಮನ್ ಎಂಬ ಇಬ್ಬರು ಪಂಡಿತರು ಒಂದು ವಾರದ ಅಂತರದಲ್ಲಿ ಅದಕ್ಕೆ ಬೇರೆ ಬೇರೆ ಎರಡು ಹೆಸರುಗಳನ್ನು ಇಟ್ಟರು. ಅದರ ಬಾಲ್ಯಾವಸ್ಥೆಯಾದ ಸಣ್ಣ ಕಾಂಡದಂಥ ಜೀವಿಯು ಅಮೆರಿಕದ ಫಿಲಡೆಲ್ಫಿಯದ ಸಮೀಪದಲ್ಲಿ ದೊರೆತಾಗ, ಅದನ್ನು ಬೇರೆಯೊಂದು ಪ್ರಾಣಿಯೆಂದು ತಿಳಿದು ಮೂರನೆಯ ಹೆಸರನ್ನು ಕೊಟ್ಟರು. ಎಲ್ಲವೂ ಒಂದೇ ಎಂದು ಸಿದ್ಧವಾಗುವುದಕ್ಕೆ ದಶಕಗಳೇ ಹಿಡಿದುವು. ಲಂಡನ್ನಿನಲ್ಲಿ ಒಂದನ್ನು ಹಲವೆಂದು ಭ್ರಮಿಸಿದರು. ಗ್ರಾಟ್ಸಿನ ಪ್ರಾಣಿಯ ವಿಷಯದಲ್ಲಿ ಎರಡನ್ನು ಒಂದೆಂದು ಭ್ರಮಿಸಿದರು. ಮೊದಲನೆಯ ತಪ್ಪಿನಿಂದ ಹೆಸರುಗಳು ಹೆಚ್ಚಿದುವು. ಅಷ್ಟೇ ಹೊರತು ಹಾನಿಯಿಲ್ಲ. ಎರಡನೆಯದರಿಂದ ಪ್ರಾಣಿಯೇ ಮಾಯವಾಯಿತು. ಮರಿಯೆಂದು ಇತ್ಯರ್ಥವಾದುದನ್ನು ಮತ್ತೆ ಯಾರು ನೋಡುತ್ತಾರೆ?

ನೋಡಿದವರು ೧೯೬೦ರ ದಶಕದಲ್ಲಿ ಸಿಕ್ಕಿದರು. ಫ್ರಾಂಕ್‌ಫರ್ಟಿನ ವಿಲ್ಲಿ ಕೂಲ್, ಗೆರ್ಟ್ರೂಟ್ ಕೂಲ್ ಎಂಬಿಬ್ಬರು ಈ ಪ್ರಾಣಿಯ ನಡೆಯನ್ನು ಚಲಚ್ಚಿತ್ರದಲ್ಲಿ ಹಿಡಿದು, ಗಂಟೆಗಟ್ಟಲೆಯ ಚಲನೆಯನ್ನು ಕ್ಷಣಗಳಿಗೆ ಇಳಿಸಿ ತೋರಿಸಿದರು. ಷುಲ್ಟ್ಸೆಯು ತಾಳ್ಮೆಯಿಂದ ಕಂಡುದನ್ನು ಈಗ ಯಂತ್ರವು ಎಲ್ಲರ ಕಣ್ಣಿಗೂ ಕಾಣಿಸಿತು. ಅವರ ಹಿಂದೆಯೇ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಕಾರ್ಲ್ ಗ್ರೆಲ್ ಬಂದನು. ಈತನು ಏಕಕೋಶಜೀವಿಗಳ ಪಂಡಿತ. ಕೆಂಪು ಸಮುದ್ರದ ಪಾಚಿಯೊಡನೆ ಬಂದ ಟ್ರೈಕೊಪ್ಲಾಕ್ಸುಗಳನ್ನು, ಸೂಕ್ಷ್ಮವಾದ ಪಾಚಿಯನ್ನು ಉಣಿಸಿ, ತಲೆಮಾರಿನಿಂದ ತಲೆಮಾರಿಗೆ ಪಾತ್ರೆಗಳಲ್ಲಿ ಸಾಕಿದನು. ಅವು ಲೋಳೆಮೀನಾಗಲಿಲ್ಲ. ಒಂದು ಹರಿದು ಎರಡಾಗುತ್ತ, ಎರಡು ನಾಲ್ಕಾಗುತ್ತ ತಮ್ಮ ರೂಪದಲ್ಲಿಯೇ ಉಳಿದುವು. ಗ್ರೆಲ್‌ನು ಅವುಗಳೊಳಗೆ ಅಂಡಗಳನ್ನೂ ಕಂಡನು. ಅಂಡವನ್ನು ತಾಳುವುದು ಮರಿಯಲ್ಲ, ಪ್ರೌಢಪ್ರಾಣಿ. ಕ್ರುಂಬಾಖನ ಪಕ್ಷಕ್ಕೆ ಇದಕ್ಕಿಂತ ಬಲವಾದ ಬಾಧಕವು ಬೇಡ.

ಅದು ಉಣ್ಣುವ ಕ್ರಮವು ಕೂಡ ಮನಸ್ಸಿಗೆ ವಿಚಿತ್ರವೆನಿಸುವಂಥದು. ಪಾಚಿಯ ಮೇಲೆ ಬಂದು ನಿಂತು, ಕೆಳಮೈಯಿಂದ ಜೀರ್ಣರಸವನ್ನು ಸುರಿಸಿ, ಕರಗಿದುದನ್ನು ಅದೇ ಕೆಳಮೈಯಿಂದ ಹೀರಿಕೊಳ್ಳುತ್ತದೆ. ಬಾಯಿಯೂ ಹೊಟ್ಟೆಯೂ ಇಲ್ಲದ ಕಾರಣ, ಕುಳಿತ ನೆಲವನ್ನೇ ಆ ಹೊತ್ತಿಗೆ ಹೊಟ್ಟೆಯನ್ನಾಗಿ ಮಾಡಿಕೊಳ್ಳುತ್ತದೆ. ಬ್ಯೂಚ್‌ಲಿಯು ಊಹಿಸಿದ್ದ ಆದಿಪ್ರಾಣಿಯೂ ಹೀಗೆಯೇ ಉಣ್ಣುತ್ತಿದ್ದಿರಬೇಕೆಂದು ಗ್ರೆಲ್‌ನು ಭಾವಿಸಿದನು. ೧೯೭೧ರಲ್ಲಿ ಆತನು ಟ್ರೈಕೊಪ್ಲಾಕ್ಸಿಗಾಗಿಯೇ ಪ್ರಾಣಿಸಾಮ್ರಾಜ್ಯದಲ್ಲಿ 'ಪ್ಲಾಕೊಜೋವ' ಎಂಬ ಪ್ರತ್ಯೇಕ ವಂಶವೊಂದನ್ನು ಏರ್ಪಡಿಸಿದನು. ಬೆನ್ನೆಲುಬಿನ ಪ್ರಾಣಿಗಳೆಲ್ಲ ಸೇರಿ ಯಾವ ಅಂತಸ್ತಿನ ಗುಂಪಿನೊಳಗೆ ಅಡಗುವುವೋ ಆ ಅಂತಸ್ತಿನ ಮನೆಯನ್ನು ಈ ಒಂದೇ ಚುಕ್ಕೆಗೆ ಕಟ್ಟಿಕೊಟ್ಟಂತಾಯಿತು. ಷುಲ್ಟ್ಸೆಯು ಸತ್ತು ಐವತ್ತು ವರ್ಷಗಳಾಗಿದ್ದುವು.

೨೦೦೮ರಲ್ಲಿ ಈ ಪ್ರಾಣಿಯ ವಂಶವಾಹಿಗಳ ಸಂಪೂರ್ಣ ಪಾಠವನ್ನು ಓದಿ ಪ್ರಕಟಿಸಿದರು. ಸುಮಾರು ಒಂಬತ್ತು ಕೋಟಿ ಎಂಬತ್ತು ಲಕ್ಷ ಅಕ್ಷರಗಳು, ಸುಮಾರು ಹನ್ನೊಂದೂವರೆ ಸಾವಿರ ವಂಶವಾಹಿಗಳು. ನರಗಳೇ ಇಲ್ಲದ ಪ್ರಾಣಿಯಲ್ಲಿ, ಇತರ ಪ್ರಾಣಿಗಳ ನರಗಳಲ್ಲಿ ಕೆಲಸಮಾಡುವ ವಸ್ತುಗಳನ್ನು ತಯಾರಿಸತಕ್ಕ ವಂಶವಾಹಿಗಳು ಕಂಡುಬಂದುವು. ಇದು ನಿಜವಾಗಿಯೂ ಪುರಾತನ ಸರಳತೆಯೋ, ಹಿಂದೆ ಇದ್ದುದನ್ನು ಕಳೆದುಕೊಂಡು ಬಂದ ಸರಳತೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದುದರಿಂದ ಇದನ್ನು ಆದಿಪ್ರಾಣಿಯೆಂದು ಕಣ್ಣುಮುಚ್ಚಿ ಕೊಂಡಾಡುವುದು ಯುಕ್ತವಲ್ಲ. ಗ್ರೆಲ್‌ನು ನಾಲ್ಕು ಬಗೆಯ ಕೋಶಗಳನ್ನು ಎಣಿಸಿದ್ದನು. ೨೦೧೪ರಲ್ಲಿ ಆರು ಬಗೆಗಳೆಂದು ತಿಳಿದುಬಂದಿತು.

ಬಹುಕಾಲ ಒಂಟಿಯಾಗಿದ್ದ ಟ್ರೈಕೊಪ್ಲಾಕ್ಸಿಗೆ ಈಚೆಗೆ ಬಂಧುಗಳೂ ದೊರೆತಿದ್ದಾರೆ. ಕಣ್ಣಿಗೆ ಒಂದೇ ರೀತಿಯಾಗಿ ಕಂಡರೂ ವಂಶವಾಹಿಗಳಲ್ಲಿ ಬಹಳ ಬೇರೆಯಾದ ಹಾಂಗ್‌ಕಾಂಗಿನ ಪ್ರಾಣಿಯೊಂದಕ್ಕೆ ೨೦೧೮ರಲ್ಲಿ 'ಹೊಯಿಲುಂಗಿಯ' ಎಂದು ಹೆಸರಾಯಿತು. ಚೀನೀಯರ ಕಥೆಗಳಲ್ಲಿ ಬರುವ ಸಮುದ್ರದ ನಾಗರಾಜನ ಹೆಸರದು; ಆತನೂ ಕಾಮರೂಪಿಯಂತೆ. ಮರುವರ್ಷ ಮೆಡಿಟರೇನಿಯನ್ ಸಮುದ್ರದಲ್ಲಿ ದೊರೆತ ಇನ್ನೊಂದು ಜಾತಿಯು ಮರದ ಕೊಂಬೆಗಳಂತೆ ಕವಲೊಡೆದುದು. ಬೆಚ್ಚನೆಯ ಸಮುದ್ರಗಳಲ್ಲಿ ಗಾಜಿನ ತಗಡುಗಳನ್ನು ಇಳಿಬಿಟ್ಟು ಕೆಲವು ದಿನಗಳ ಮೇಲೆ ಎತ್ತಿದರೆ ಈ ಪ್ರಾಣಿಗಳು ಅವುಗಳಿಗೆ ಅಂಟಿಕೊಂಡು ಬರುತ್ತವೆ. ಮನೆಗಳಲ್ಲಿ ಹವಳವನ್ನು ಸಾಕುವವರ ತೊಟ್ಟಿಗಳಲ್ಲಿಯೂ ಇವು ಕಲ್ಲಿನೊಡನೆ ಬಂದು ಗಾಜಿನ ಮೇಲೆ ಕಾಣಿಸಿಕೊಳ್ಳುತ್ತವೆ. ಅಲ್ಲಿ ಇವನ್ನು ಕೊಳೆಯೆಂದೋ ಚಪ್ಪಟೆಹುಳುವಿನ ಮರಿಯೆಂದೋ ಭಾವಿಸಿ ಒರಸುವವರುಂಟು. ಭೂತಗನ್ನಡಿಯನ್ನು ತೆಗೆದುಕೊಂಡು, ಅಂಚು ರೂಪಾಂತರ ಹೊಂದುವವರೆಗೂ ಕಾಯುವವರೂ ಉಂಟು.

ಇದೇ ಬಗೆಯ ಇನ್ನೊಂದು ಪ್ರಾಣಿಯ ಸಂಗತಿಯು ಇತ್ಯರ್ಥವಾಗದೆ ಉಳಿದಿದೆ. ೧೮೯೩ರಲ್ಲಿ ಇಟಲಿಯ ಮೊಂಟಿಚೆಲ್ಲಿ ಎಂಬ ಪಂಡಿತನು ನೇಪಲ್ಸಿನಲ್ಲಿ ಟ್ರೈಕೊಪ್ಲಾಕ್ಸನ್ನು ಹೋಲುವ ಬೇರೊಂದು ಜೀವಿಯನ್ನು ಕಂಡೆನೆಂದು ಬರೆದು, ಅದಕ್ಕೆ 'ಟ್ರೆಪ್ಟೊಪ್ಲಾಕ್ಸ್' ಎಂದು ಹೆಸರಿಟ್ಟನು. ಮಾದರಿಯನ್ನು ಕಾದಿಡಲಿಲ್ಲ. ಆತನು ಕಂಡುದು ಹೊಸ ಪ್ರಾಣಿಯೋ, ಷುಲ್ಟ್ಸೆಯ ಚುಕ್ಕೆಯೇ ಬೇರೊಂದು ಆಕಾರದಲ್ಲಿದ್ದುದೋ ನಿಶ್ಚಯಿಸುವುದಕ್ಕೆ ಸಾಧನವಿಲ್ಲದೆ, ಪಂಡಿತರು ಆ ಹೆಸರನ್ನು ಸಂದಿಗ್ಧವೆಂದು ಬದಿಗಿಟ್ಟಿದ್ದಾರೆ. ಅಂಥದು ಆ ಮೇಲೆ ನೇಪಲ್ಸಿನಲ್ಲಾಗಲಿ ಬೇರೆಲ್ಲಿಯಾಗಲಿ ಯಾರಿಗೂ ಕಾಣಿಸಿಕೊಂಡಿಲ್ಲ.